ಎದುರು ಮಾತಾಡಲು ಒಬ್ಬಳು ಬೇಕಾಗಿದ್ದಾಳೆ

ಮಾದಲ ಹಣ್ಣು ನೋಡಿದ್ದೀರಾ? ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಿಂಬೆಹಣ್ಣಿನ ದೊಡ್ಡಪ್ಪ ಅಂದುಕೊಳ್ಳಿ. ಮೈಯೆಲ್ಲ ಗಂಟುಗಂಟು, ಸಿಪ್ಪೆ ದಪ್ಪ, ಹಿಂಡಿದರೆ ಒಂದು ಚಮಚ ರಸ ಬಂದರೆ ಪುಣ್ಯ. ಆದರೆ ಆ ಪರಿಮಳ! ನಮ್ಮಮ್ಮ ಮೈಸೂರಿನಲ್ಲಿ ಅದಕ್ಕೆ ಉಪ್ಪು ಹಾಕಿ ಜಾಡಿಯಲ್ಲಿಟ್ಟರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಅಮ್ಮ ಹೋದಮೇಲೆ ನಾನು ಆ ಹಣ್ಣನ್ನು ಕಣ್ಣಿನಲ್ಲಿ ಕಂಡಿರಲಿಲ್ಲ. ಹೀಗಿರುವಾಗ ಕಡಲಾಚೆಯ ಲಾಸ್ ಆಲ್ಟೋಸಿನಲ್ಲಿ, ನನ್ನ ಮಗಳ ಮನೆಯ ಪಕ್ಕದ ಮನೆಯ ಫಿಲ್ಲಿಸ್ ಒಂದು ಬೆಳಿಗ್ಗೆ ಅದನ್ನು ನಾರಿನ ಹಾಸಿಗೆಯ ಮೇಲೆ ಮಲಗಿಸಿ, ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ನನ್ನೆದುರು ಹಾದುಹೋಗುವುದೇ!

"ಫಿಲ್ಲಿಸ್, ಒನ್ ಮಿನಿಟ್," ಅಂತ ಬೇಲಿಯ ಹತ್ತಿರ ಓಡಿದೆ. "ಇದಕ್ಕೆ ಉಪ್ಪು ಹಾಕಿ ಎಷ್ಟು ದಿನ ಇಡ್ತೀಯ?"

ಅವಳು ಡಬ್ಬಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡಳು. "ಉಪ್ಪಾ? ಲೀಲಾ, ಇದು ಪೂಜೆಗೆ!"

ಯೆಹೂದಿಗಳ ಸುಗ್ಗಿಯ ಹಬ್ಬವಂತೆ. ಹಿತ್ತಲಲ್ಲಿ ಚಪ್ಪರ ಹಾಕಿ, ಈ ಹಣ್ಣನ್ನು ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡುತ್ತಾರಂತೆ. ನಾನು ಅವಳ ದೇವರ ನೈವೇದ್ಯದ ಮೇಲೆ ಮೆಣಸಿನಪುಡಿ ಕಣ್ಣು ಹಾಕಿದ್ದೆ. ನಾಚಿಕೆಯಾಯಿತು. ಆದರೆ ಹಬ್ಬ ಮುಗಿದ ಮಾರನೆಯ ದಿನ ಅವಳೇ ಡಬ್ಬಿ ಸಮೇತ ಬಂದಳು. ನಾನು ಉಪ್ಪಿನಕಾಯಿ ಹಾಕಿದೆ. ಅವಳು ಅದನ್ನು ಬೇಗಲ್ ಅನ್ನುವ ಬಳೆಯಂಥ ಬ್ರೆಡ್ಡಿನ ಮೇಲೆ ಕ್ರೀಮ್ ಚೀಸ್ ಜೊತೆ ಹಚ್ಚಿಕೊಂಡು, ಮೂಗು ಕಣ್ಣು ಎರಡರಲ್ಲೂ ನೀರು ಸುರಿಸುತ್ತಾ, "ಇಷ್ಟು ವರ್ಷ ಜಾಮ್ ಮಾಡಿ ಹಾಳುಮಾಡಿದೆನಲ್ಲ" ಅಂದಳು. ಸ್ನೇಹ ಅಂದರೆ ಅಲ್ಲಿಂದಲೇ ಶುರು.

ನನ್ನ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಮಾಷೆಯಾಗಿ ಕಾಣುವುದಿಲ್ಲ. ನನ್ನ ಸ್ಕೂಲಿಂಗ್ ಎಲ್ಲ ಒಂದು ಕಾನ್ವೆಂಟಿನಲ್ಲಿ. ಮನೆಯಲ್ಲಿ ಅಜ್ಜಿಯ ಮಡಿಸೀರೆ, ಸ್ಕೂಲಿನಲ್ಲಿ ಸಿಸ್ಟರ್ ಬೆನಡಿಕ್ಟಾ ಅವರ ಬಿಳಿ ಗೌನು. ಎರಡನ್ನೂ ಮುಟ್ಟುವ ಹಾಗಿಲ್ಲ. ಮನೆಯಲ್ಲಿ "ಎದುರುತ್ತರ ಕೊಡಬೇಡ," ಸ್ಕೂಲಿನಲ್ಲಿ "ಡೋಂಟ್ ಆನ್ಸರ್ ಬ್ಯಾಕ್." ಹೀಗೆ ಎರಡು ಭಾಷೆಯಲ್ಲಿ ಬಾಯಿ ಮುಚ್ಚಿಸಿಕೊಂಡು ಬೆಳೆದವಳು ನಾನು. ಪಿನ್ ಡ್ರಾಪ್ ಸೈಲೆನ್ಸ್ ಎಂದರೆ ನಮಗೆ ಮಾತಿಗೆ ಹೇಳುವುದಲ್ಲ. ಸಿಸ್ಟರ್ ನಿಜವಾಗಿಯೂ ಕಾಲರಿನಿಂದ ಒಂದು ಪಿನ್ ತೆಗೆದು ನೆಲಕ್ಕೆ ಬಿಡುತ್ತಿದ್ದರು. ಅದು ಬಿದ್ದ ಸದ್ದು ಕೊನೆಯ ಬೆಂಚಿಗೆ ಕೇಳದಿದ್ದರೆ ಮತ್ತೆ ಬಿಡುತ್ತಿದ್ದರು.

ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುವುದರಲ್ಲಿ ನಾನು ಎತ್ತಿದ ಕೈ. ಸ್ಕ್ರಿಪ್ಚರ್ ನಾಲೆಜ್, ಅಂದರೆ ಬೈಬಲ್ ಪಾಠದಲ್ಲಿ ಫಸ್ಟ್ ಪ್ರೈಜ್ ಬಂದಾಗ ಅಜ್ಜಿ ಆ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮ ದೇವರಿಗೆ ಪ್ರೈಜ್ ಇಲ್ಲವೇನೇ?" ಅಂತ ಕೇಳಿದ್ದರು. ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಟ್ರೈನಿಂಗ್ ಹಾಗಿತ್ತು.

ಇಂಥವಳನ್ನು ಹುಡುಕಿಕೊಂಡು ಫಿಲ್ಲಿಸ್ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬಂದಳು. ಮುಖ ಸಪ್ಪಗಿತ್ತು.

"ಲೀಲಾ, ಒಂದು ಫೇವರ್ ಮಾಡಬೇಕು. ಇಲ್ಲ ಅನ್ನಬೇಡ."

ವಿಷಯ ಇಷ್ಟು. ಅವರಲ್ಲಿ ಮಕ್ಕಳು ಹದಿಮೂರಕ್ಕೆ ಬಂದಾಗ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ನಿಂತು ಪವಿತ್ರ ಸುರುಳಿಯಿಂದ ಒಂದು ಭಾಗವನ್ನು ರಾಗವಾಗಿ ಓದಬೇಕು. ಓದಿ, ಅದರ ಬಗ್ಗೆ ತನ್ನದೇ ನಾಲ್ಕು ಮಾತು ಆಡಬೇಕು. ನಮ್ಮ ಉಪನಯನದ ಹಾಗೆ ಅನ್ನಬಹುದೇನೋ, ಆದರೆ ಇಲ್ಲಿ ವಟುವೇ ಭಾಷಣ ಮಾಡಬೇಕು. ಫಿಲ್ಲಿಸ್‌ಳ ಅಣ್ಣ ಅಲನ್‌ಗೆ ಪಾಠ ಹೇಳಲು ಮನೆಗೇ ಮೇಷ್ಟ್ರು ಬರುತ್ತಿದ್ದರಂತೆ. ಊಟದ ಮೇಜಿನ ಮುಂದೆ ಅಲನ್ ಕೂತು ಆಕಳಿಸುತ್ತಿದ್ದನಂತೆ, ಇವಳು ಅಡಿಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕಿವಿಯನ್ನು ಅಲ್ಲಿಟ್ಟಿರುತ್ತಿದ್ದಳಂತೆ. ಅವರ ಕಡೆ ಆಗ ಹುಡುಗಿಯರಿಗೆ ಅದು ಇರಲಿಲ್ಲ. ಈಗ ಇವಳಿಗೆ ಎಪ್ಪತ್ತೊಂಬತ್ತು. ಪಾಲೋ ಆಲ್ಟೋದಲ್ಲಿ ಅವರ ಮಂದಿರದ ಶಾಲೆಯವರು ಇಂಥ ಅಜ್ಜಿಯರಿಗಾಗಿಯೇ ಒಂದು ಕ್ಲಾಸು ತೆರೆದಿದ್ದರು. ಜುಲೈನಲ್ಲಿ ಫಿಲ್ಲಿಸ್‌ಳ ಸರದಿ.

"ಒಳ್ಳೇದಲ್ವಾ! ಮತ್ತೇನು ತೊಂದರೆ?"

"ನನ್ನ ಜೋಡಿ ಮ್ಯಾರಿಲಿನ್ ಸಿಯಾಟಲ್‌ಗೆ ಹೋಗಿಬಿಟ್ಟಳು. ಜೋಡಿ ಇಲ್ಲದೆ ಕ್ಲಾಸಿಲ್ಲ."

ಅವರಲ್ಲಿ ಓದುವುದು ಒಬ್ಬೊಬ್ಬರೇ ಅಲ್ಲ. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಗಟ್ಟಿಯಾಗಿ ಜಗಳವಾಡಬೇಕು. ಅದಕ್ಕೂ, ಎದುರು ಕೂತ ಜೋಡಿಗೂ ಹೆವ್ರುತಾ ಅಂತಲೇ ಹೆಸರು. ಬಹಳ ಹಳೆಯ ಪದ್ಧತಿ, ಮೊದಲು ದೊಡ್ಡ ಪಂಡಿತರಿಗೆ ಮಾತ್ರ ಇತ್ತು. ಈಗ ಈ ಶಾಲೆಯವರು ಅದನ್ನು ಪುಟ್ಟ ಮಕ್ಕಳಿಂದ ಅಜ್ಜಿಯರವರೆಗೆ ಎಲ್ಲರಿಗೂ ತಂದಿದ್ದಾರೆ.

"ನನಗೆ ಹೀಬ್ರೂ ಒಂದಕ್ಷರ ಬರಲ್ಲ. ನಾನು ನಿಮ್ಮವಳೂ ಅಲ್ಲ."

"ನಮ್ಮ ಗುರು ರಬ್ಬಿಯನ್ನು ಕೇಳಿಯೇ ಬಂದೆ. ಓದೋದು ನಾನು, ಇಂಗ್ಲಿಷಲ್ಲಿ ಹೇಳೋದು ನಾನು. ನೀನು ಮಾಡಬೇಕಾದ್ದು ಒಂದೇ. ಎದುರು ಮಾತಾಡೋದು."

ನನ್ನ ಮಗಳು ಸುಮಾ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. "ನೀನಾ? ಅಮ್ಮಾ, ರೆಸ್ಟೋರೆಂಟಲ್ಲಿ ತಪ್ಪು ಐಟಂ ತಂದಿಟ್ಟರೂ ಥ್ಯಾಂಕ್ಯೂ ಅಂತ ತಿಂದು ಬರೋಳು ನೀನು!"

ಸರಿ, ಮಂಗಳವಾರ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವನು ನನ್ನ ವ್ಯಾನಿಟಿ ಬ್ಯಾಗು ತೆರೆಸಿ, ಟಾರ್ಚು ಬಿಟ್ಟು ನೋಡಿದ. ಒಳಗೆ ನನ್ನ ಬಿ.ಪಿ. ಮಾತ್ರೆ, ಅಡಿಕೆಪುಡಿ, ಕರ್ಚೀಫು. ಮಕ್ಕಳ ಶಾಲೆಗೆ ಇಷ್ಟು ಕಾವಲೇ? ಫಿಲ್ಲಿಸ್ ಮಾತ್ರ ಅವನ ಮಗುವಿನ ಹಲ್ಲು ಬಂತಾ ಅಂತ ವಿಚಾರಿಸಿಕೊಂಡು ಮುಂದೆ ಹೋದಳು.

ಬಾಗಿಲು ತೆರೆದ ಕೂಡಲೇ, ದೇವರಾಜ ಮಾರ್ಕೆಟ್ಟಿಗೆ ಬೆಳಗಿನ ಹೊತ್ತು ಕಾಲಿಟ್ಟ ಹಾಗಾಯಿತು. ಉದ್ದ ಹಜಾರದ ತುಂಬ ಮಕ್ಕಳು ಎರಡೆರಡಾಗಿ ಕೂತು ಒಬ್ಬರ ಮುಖಕ್ಕೊಬ್ಬರು ಕೈ ಆಡಿಸಿ ಕೂಗುತ್ತಿದ್ದಾರೆ. "ದಟ್ಸ್ ನಾಟ್ ವಾಟ್ ಇಟ್ ಸೇಸ್!" "ಪ್ರೂವ್ ಇಟ್!" ನನ್ನ ಕೈ ತಾನಾಗಿ ಪಿನ್ನು ಹುಡುಕಿತು. ಒಂದು ಮೂಲೆಯಲ್ಲಿ ಮಾತು ಬಾರದ ಒಬ್ಬ ಹುಡುಗಿ ಟ್ಯಾಬ್ಲೆಟ್ಟಿನ ಮುಂದೆ ಕೂತಿದ್ದಳು. ಅವಳ ಜೋಡಿ ಏನೋ ಉದ್ದಕ್ಕೆ ಹೇಳಿ ಮುಗಿಸಿದಳು. ಈ ಹುಡುಗಿ ಬಟನ್ ಒತ್ತಿದಳು. ಯಂತ್ರ "ನೋ" ಅಂದಿತು. ಜೋಡಿ ಮತ್ತೆ ವಿವರಿಸಿದಳು. "ನೋ." ಮತ್ತೊಮ್ಮೆ. "ನೋ." ಕೊನೆಗೆ ಇಬ್ಬರೂ ನಗಲಿಕ್ಕೆ ಶುರುಮಾಡಿದರು. ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಕಾನ್ವೆಂಟಿನಲ್ಲಿ ಮಾತು ಬರುವ ನಾವು ಅಷ್ಟು ಜನ ಇದ್ದೆವು, ಹತ್ತು ವರ್ಷದಲ್ಲಿ ಎಷ್ಟು ಸಲ "ನೋ" ಅಂದೆವು ಹೇಳಿ?

ರಬ್ಬಿ ತಾಲ್ಯಾ, ಅಂದರೆ ಅವರ ಗುರು, ಸ್ನೀಕರ್ಸ್ ಹಾಕಿಕೊಂಡ ಮೂವತ್ತೈದರ ಹೆಂಗಸು. ಶಾಲೆಯ ಜವಾಬ್ದಾರಿಯೆಲ್ಲ ಅವಳದೇ. "ನಾನು ಚಿಕ್ಕವಳಿದ್ದಾಗ ಇಲ್ಲಿ ಸಂಡೇ ಸ್ಕೂಲ್ ಅಂದರೆ ಬಾಯಿಪಾಠ," ಅಂದಳು. "ಒಂದು ಭಾಗ ಗಿಣಿ ಹಾಗೆ ಕಲಿತು, ಹದಿಮೂರಕ್ಕೆ ಒಪ್ಪಿಸಿ, ಗಿಫ್ಟ್ ಈಸ್ಕೊಂಡು, ಮರೆತುಬಿಡೋದು. ಮತ್ತೆ ಯಾರೂ ಬರ್ತಿರಲಿಲ್ಲ."

"ನನ್ನ ಮಗ ಕಾರಿನ ಹಿಂದಿನ ಸೀಟಿನ ಕೆಳಗೆ ಅವಿತುಕೊಳ್ಳುತ್ತಿದ್ದ," ಅಂದಳು ಫಿಲ್ಲಿಸ್.

"ಈಗ ಅವರನ್ನ ಮನೆಗೆ ಕಳಿಸೋದೇ ಕಷ್ಟ," ಅಂದಳು ತಾಲ್ಯಾ, ಆ ಗದ್ದಲದ ಕಡೆ ಕೈ ತೋರಿಸಿ. ಹೆಮ್ಮೆ ಅಂದರೆ ಹಾಗಿರಬೇಕು, ಒಂದಿಷ್ಟು ಸುಸ್ತಾದ ಹಾಗೆ.

ನನಗೆ ನಮ್ಮ ಸರಟೋಗಾದ ಕನ್ನಡ ಕ್ಲಾಸು ನೆನಪಾಯಿತು. ನನ್ನ ಮೊಮ್ಮಗಳು ಅನಘಾ ಭಾನುವಾರ ಅಲ್ಲಿಗೆ ಹೋಗುತ್ತಾಳೆ. ಪಾಪ, ಆ ವಾಲಂಟಿಯರ್ ಅಮ್ಮಂದಿರು ವಾರವೆಲ್ಲ ಆಫೀಸು ಮಾಡಿ, ಭಾನುವಾರ ಕಾಗುಣಿತ ಹೇಳಿಕೊಡುತ್ತಾರೆ. ಅವರನ್ನು ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಅನಘಾಳನ್ನು "ಏನು ಕಲಿತೆ?" ಅಂತ ಕೇಳಿದರೆ "ಸೇಮ್ ಆಸ್ ಲಾಸ್ಟ್ ವೀಕ್, ಅಜ್ಜಿ" ಅನ್ನುತ್ತಾಳೆ. ಅವಳನ್ನು ಯಾರಾದರೊಬ್ಬರ ಎದುರು ಕೂರಿಸಿ, ಕನ್ನಡದಲ್ಲಿ ಜಗಳವಾಡು ಅಂತ ಬಿಟ್ಟರೆ? ಬಿಡಿ, ಅದು ಬೇರೆ ಕತೆ.

ಫಿಲ್ಲಿಸ್‌ಳ ಪಾಲಿಗೆ ಬಂದದ್ದು ಐದು ಜನ ಅಕ್ಕತಂಗಿಯರ ಪ್ರಸಂಗ. ಅಪ್ಪ ಸತ್ತಿದ್ದಾನೆ, ಗಂಡು ಮಕ್ಕಳಿಲ್ಲ. ಆಗಿನ ಕಾನೂನಿನಂತೆ ಹೆಣ್ಣುಮಕ್ಕಳಿಗೆ ಭೂಮಿಯಿಲ್ಲ. ಈ ಐವರೂ ಎಲ್ಲರೆದುರು ನಾಯಕನ ಮುಂದೆ ಹೋಗಿ ನಿಂತು, ನಮ್ಮ ಅಪ್ಪನ ಪಾಲು ನಮಗೆ ಕೊಡಿ ಅನ್ನುತ್ತಾರೆ. ನಾಯಕನಿಗೆ ಉತ್ತರ ಗೊತ್ತಿಲ್ಲ. ದೇವರನ್ನು ಕೇಳುತ್ತಾನೆ. ಹುಡುಗಿಯರು ಹೇಳೋದು ಸರಿ ಅನ್ನುತ್ತಾನೆ ದೇವರು. ಕಾನೂನು ಬದಲಾಗುತ್ತದೆ. ಸ್ಕ್ರಿಪ್ಚರ್‌ನಲ್ಲಿ ಫಸ್ಟ್ ಪ್ರೈಜ್ ತೆಗೆದುಕೊಂಡ ನನಗೆ ಬೈಬಲಿನಲ್ಲೂ ಇರುವ ಈ ಕತೆ ಗೊತ್ತೇ ಇರಲಿಲ್ಲ! ಸಿಸ್ಟರ್ ಬೆನಡಿಕ್ಟಾ ಎಲ್ಲ ಹೇಳಿದರು, ಇದೊಂದನ್ನು ಬಿಟ್ಟರು. ಈಗ ಯೋಚಿಸಿದರೆ, ಜಾಣೆ ಹೆಂಗಸು.

ವಾರವಾರವೂ ನಾವು ಕೂತೆವು. ಫಿಲ್ಲಿಸ್ ತನ್ನ ಭಾಷಣದ ಒಂದೊಂದು ಮಾತನ್ನೂ ನನ್ನ ಮುಂದಿಡುತ್ತಿದ್ದಳು. ನಾನು "ವೆರಿ ನೈಸ್" ಅನ್ನುತ್ತಿದ್ದೆ.

"ಲೀಲಾ, ನೈಸ್ ಅನ್ನಬೇಡ. ಎಲ್ಲಿ ತಪ್ಪಿದೆ ಹೇಳು."

"ತಪ್ಪೇನಿಲ್ಲ. ಬ್ಯೂಟಿಫುಲ್."

"ನನ್ನನ್ನ ಎಲ್ಲರೆದುರು ಪೆದ್ದಿ ಮಾಡಬೇಕಂತಿದ್ದೀಯಾ?" ಅಂತ ಅವಳು ಮೇಜು ಕುಟ್ಟಿದಳು. ಪಕ್ಕದ ಜೋಡಿಯವರು ನಮ್ಮ ಕಡೆ ನೋಡಿ, ಅಂತೂ ಇವರು ಶುರುಮಾಡಿದರು ಅಂತ ತಲೆಯಾಡಿಸಿದರು.

ನೀವೇ ಹೇಳಿ, ನಾನೇನು ಮಾಡಲಿ? ಅವರ ಮನೆ, ಅವರ ದೇವರು, ಅವರ ಪುಸ್ತಕ. ಅತಿಥಿಯಾಗಿ ಹೋದವಳು ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾಳೆಯೇ? ಅದೇ ಮರ್ಯಾದೆ ಅಂದುಕೊಂಡಿದ್ದೆ. ಇವರ ಲೆಕ್ಕದಲ್ಲಿ ಅದೇ ದೊಡ್ಡ ಅವಮಾನವಂತೆ. ನಿನ್ನ ಮಾತು ತೂಗಿ ನೋಡುವಷ್ಟೂ ಬೆಲೆಯಿಲ್ಲ ಅಂದ ಹಾಗೆ.

ಏಪ್ರಿಲ್ ಬಂತು. ಭಾಷಣ ಪೂರ್ತಿಯಾಗಿತ್ತು. ಫಿಲ್ಲಿಸ್ ಎದ್ದು ನಿಂತು ಓದಿದಳು. ಅಪ್ಪನ ಮೇಲೆ ಇತ್ತು ಎಲ್ಲ. ಅಣ್ಣನಿಗೆ ಮೇಷ್ಟ್ರನ್ನು ಇಟ್ಟ ಅಪ್ಪ, ಮಗಳತ್ತ ಒಂದು ಸಲವೂ ತಿರುಗಿ ನೋಡದ ಅಪ್ಪ. ಆ ಐವರು ಧೀರೆಯರ ಹಾಗೆ ಈಗ ತಾನೂ ಎದ್ದು ನಿಂತು ತನ್ನ ಪಾಲು ಕೇಳುತ್ತಿದ್ದೇನೆ ಅಂತ ಮುಗಿಸಿದಳು. ನಿಜಕ್ಕೂ ಚೆನ್ನಾಗಿತ್ತು. ನಾನು ಬಾಯಿ ತೆರೆದೆ. ಬಂದ ಮಾತು ಬೇರೆ.

"ಅವರ ತಾಯಿ ಎಲ್ಲಿದ್ದಳು?"

"ಯಾರ ತಾಯಿ?"

"ಆ ಐದು ಹುಡುಗಿಯರ ತಾಯಿ. ಅಪ್ಪ ಸತ್ತ ಅಂತಿದೆ. ತಾಯಿ ಸತ್ತಳು ಅಂತ ಇಲ್ಲವಲ್ಲ. ಮಕ್ಕಳು ಎಲ್ಲರೆದುರು ಹೋಗಿ ನಿಂತಾಗ ಅವಳೆಲ್ಲಿದ್ದಳು?"

"ಅದು ಪುಸ್ತಕದಲ್ಲಿಲ್ಲ."

"ಇಲ್ಲ, ಅದಕ್ಕೇ ಕೇಳ್ತಿದ್ದೀನಿ. ನಿನ್ನ ಭಾಷಣದಲ್ಲೂ ನಿನ್ನ ತಾಯಿ ಇಲ್ಲ, ಫಿಲ್ಲಿಸ್."

ಅವಳ ಮುಖ ಬಿಳಿಚಿಕೊಂಡಿತು. ಕಾಗದಗಳನ್ನು ಒಟ್ಟುಮಾಡಿ, ಚೀಲಕ್ಕೆ ತುರುಕಿ, ನನ್ನನ್ನು ಮನೆಯ ಮುಂದೆ ಇಳಿಸಿ ಹೋಗಿಬಿಟ್ಟಳು. ಮುಂದಿನ ಮಂಗಳವಾರ ಅವಳ ಕಾರು ಗರಾಜಿನಿಂದ ಹೊರಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಾಲ್ಯಾಳಿಗೆ ಫೋನು ಮಾಡಿ, ಜುಲೈನ ಓದನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಅಂದಿದ್ದಳಂತೆ.

"ಅಜ್ಜಿ, ಡಿಡ್ ಯು ಗೈಸ್ ಬ್ರೇಕ್ ಅಪ್?" ಅಂತ ಅನಘಾ ಕೇಳಿದಳು.

"ಸುಮ್ಮನಿರೇ," ಅಂದೆ. ಆದರೆ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ. ಎಂಬತ್ತರ ಹತ್ತಿರ ಬಂದ ಫಿಲ್ಲಿಸ್ ಮಗುವಾಗಿದ್ದಾಗಿನಿಂದ ಕಾದದ್ದು ಕೈಗೆ ಬರುವ ಹೊತ್ತಿಗೆ ನಾನು ನಡುವೆ ಬಾಯಿ ಹಾಕಿದೆನಲ್ಲ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಎದುರು ಮಾತಾಡಿದೆ, ಅದಕ್ಕೆ ಇದು ಫಲ. ಸುಮಾಳ ಕೈಲಿ ಕಾರು ಬಿಡಿಸಿಕೊಂಡು ತಾಲ್ಯಾಳ ಹತ್ತಿರ ಹೋದೆ. ಕೆಲಸಕ್ಕೆ ರಾಜೀನಾಮೆ ಕೊಡುವವಳ ಹಾಗೆ ಸೆರಗು ಸರಿಮಾಡಿಕೊಂಡು, ನಡೆದದ್ದೆಲ್ಲ ಹೇಳಿ, "ನಾನು ಈ ಕೆಲಸಕ್ಕೆ ಲಾಯಕ್ಕಲ್ಲ" ಅಂದೆ.

ಅವಳು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಲೀಲಾ, ಇಷ್ಟು ತಿಂಗಳಾದ ಮೇಲೆ ಆವತ್ತು ನೀವು ಅವಳ ಹೆವ್ರುತಾ ಆದ್ರಿ. ಅವಳು ಬರ್ತಾಳೆ. ಓದನ್ನ ನಾನು ಯಾರಿಗೂ ಕೊಟ್ಟಿಲ್ಲ."

"ಬರದಿದ್ದರೆ?"

"ಬರದಿದ್ದರೆ ಆ ಶನಿವಾರ ಅಲ್ಲಿ ಯಾರೂ ಓದಲ್ಲ. ಎಲ್ಲರೂ ಸುಮ್ಮನೆ ಕೂತು ಕಾಯ್ತೀವಿ," ಅಂದಳು. ತಮಾಷೆಗೆ ಅಂದಳೋ ನಿಜಕ್ಕೋ, ಇವತ್ತಿಗೂ ತಿಳಿದಿಲ್ಲ. ಆದರೆ ನೋಡಿ, ಶಾಲೆ ಅಂದರೆ ಅದು. ನಮ್ಮ ಕಾಲದಲ್ಲಿ ಅಟೆಂಡೆನ್ಸ್ ಇಲ್ಲದವರ ಹೆಸರು ಹೊಡೆದುಹಾಕುತ್ತಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ಫಿಲ್ಲಿಸ್ ಬಾಗಿಲು ತಟ್ಟಿದಳು. ಒಳಗೆ ಬಾ ಅಂದರೂ ಬರದೆ ಹೊಸ್ತಿಲಲ್ಲೇ ನಿಂತು ಹೇಳಿದಳು.

"ಬಾಗಿಲು ಹಾಕಿದ್ದು ಅಮ್ಮ."

"ಯಾವ ಬಾಗಿಲು?"

"ಅಡಿಗೆಮನೆದು. ಮೇಷ್ಟ್ರು ಬಂದ ಕೂಡಲೇ ಎದ್ದುಹೋಗಿ ಹಾಕುತ್ತಿದ್ದಳು. ಅಪ್ಪ ಅಂಗಡಿಯಲ್ಲಿರುತ್ತಿದ್ದ, ಅವನಿಗೆ ಗೊತ್ತೇ ಇಲ್ಲ. ಇಷ್ಟು ವರ್ಷ ಅಪ್ಪನನ್ನ ಬೈದೆ, ಲೀಲಾ. ಅವನನ್ನ ಬೈಯೋದು ಸುಲಭ ಇತ್ತು." ಆಮೇಲೆ ಮೂಗು ಒರೆಸಿಕೊಂಡು, "ಭಾಷಣ ಹರಿದುಹಾಕಿದೆ. ಜುಲೈಗೆ ಎಷ್ಟು ವಾರ ಇದೆ ಗೊತ್ತಾ? ಎಲ್ಲ ನಿನ್ನಿಂದ. ಕಾಫಿ ಮಾಡು, ಕೂತುಕೋ," ಅಂದಳು.

ಆ ಎರಡು ತಿಂಗಳು ನಾವು ಆಡಿದ ಜಗಳ ನೆನೆದರೆ ಈಗಲೂ ಮೈಗೆ ಹುರುಪು ಬರುತ್ತದೆ. ತಾಯಿ ಯಾಕೆ ಬಾಗಿಲು ಹಾಕಿದಳು? ಈರುಳ್ಳಿ ವಾಸನೆ ಮೇಷ್ಟ್ರಿಗೆ ತಾಗಬಾರದು ಅಂತ, ಅಂದೆ ನಾನು. ಮಗಳ ಕಿವಿಗೆ ಬೀಳಬಾರದು ಅಂತ, ಅಂದಳು ಅವಳು. ಕಿವಿಗೆ ಬಿದ್ದು ಆಸೆ ಹುಟ್ಟಬಾರದು ಅಂತ ಇರಬಹುದು, ತನಗೂ ಹಾಗೇ ಹುಟ್ಟಿತ್ತೇನೋ, ಅಂದೆ. "ಅವಳ ಪರ ವಕಾಲತ್ತು ಮಾಡಬೇಡ!" ಅಂತ ಅವಳು. "ಯಾರಾದರೂ ಮಾಡಬೇಕಲ್ಲ!" ಅಂತ ನಾನು. ಸುಮಾ ಒಮ್ಮೆ ಮೀಟಿಂಗಿನ ಮಧ್ಯೆ ಓಡಿಬಂದು, "ಅಮ್ಮಾ, ಮ್ಯೂಟ್ ಮಾಡಿದರೂ ನೀವಿಬ್ಬರೂ ಕೇಳಿಸ್ತೀರ" ಅಂದಳು. ನನ್ನ ಬದುಕಿನಲ್ಲಿ ಅಂಥ ಕಾಂಪ್ಲಿಮೆಂಟು ಬಂದಿರಲಿಲ್ಲ.

ಜುಲೈನ ಆ ಶನಿವಾರ ಬಂತು. ನಾನು ರೇಷ್ಮೆಸೀರೆ ಉಟ್ಟು ಹೋದೆ. ಹಜಾರ ತುಂಬಿತ್ತು, ಆ ಗದ್ದಲದ ಮಕ್ಕಳೂ ಸೇರಿ. ಮುಂದಿನ ಸಾಲಿನಲ್ಲಿ ಫಿಲ್ಲಿಸ್‌ಳ ಅಣ್ಣ ಅಲನ್, ಸ್ಯಾಕ್ರಮೆಂಟೋದಿಂದ ಕಾರಿನಲ್ಲಿ ಬಂದಿದ್ದ. ಎಂಬತ್ತು ದಾಟಿದ ಎತ್ತರದ ಮನುಷ್ಯ, ಮೊಣಕಾಲ ಮೇಲೆ ಪ್ರಾರ್ಥನೆಯ ಪುಸ್ತಕ ಮುಚ್ಚಿಕೊಂಡೇ ಇತ್ತು. ಸುರುಳಿಯನ್ನು ಬಿಚ್ಚಿದರು. ಅದರಲ್ಲಿ ರಾಗದ ಗುರುತು ಇರುವುದಿಲ್ಲ, ಸ್ವರಾಕ್ಷರದ ಗುರುತೂ ಇಲ್ಲ, ಎಲ್ಲ ನೆನಪಿನಿಂದಲೇ. ಬೆರಳು ತಾಗಿಸಬಾರದು ಅಂತ ಬೆಳ್ಳಿಯ ಕಡ್ಡಿಯಲ್ಲಿ ಸಾಲು ತೋರಿಸಿಕೊಂಡು ಓದಬೇಕು. ಫಿಲ್ಲಿಸ್‌ಳ ಕೈಯಲ್ಲಿ ಆ ಕಡ್ಡಿ ನಡುಗುವುದು ನನ್ನ ಸಾಲಿಗೂ ಕಾಣುತ್ತಿತ್ತು.

ಶುರುಮಾಡಿದಳು. ದನಿ ತೆಳ್ಳಗೆ, ಆದರೆ ನೇರ. ಅರ್ಧಕ್ಕೆ ಬಂದು ಒಂದು ಪದ ತಪ್ಪಿದಳು. ನನಗೇನು ತಿಳಿಯುತ್ತದೆ, ಆದರೆ ಹಜಾರದ ಮೂಲೆ ಮೂಲೆಯಿಂದ, ಮುದುಕರು, ಮಕ್ಕಳು, ತಾಲ್ಯಾ, ಎಲ್ಲರೂ ಒಮ್ಮೆಲೇ ಸರಿಯಾದ ಪದವನ್ನು ಗಟ್ಟಿಯಾಗಿ ಕೂಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ಜನರೆದುರು ತಪ್ಪು ಹಿಡಿದರಲ್ಲ, ಇನ್ನು ಅವಳು ನಿಲ್ಲುವುದಿಲ್ಲ ಅಂತ. ಕಣ್ಣು ಬಿಟ್ಟು ನೋಡಿದರೆ ಫಿಲ್ಲಿಸ್ ತಲೆಯಾಡಿಸಿ, ಆ ಪದವನ್ನು ತೆಗೆದುಕೊಂಡು, ಮುಂದೆ ಹೋಗಿಬಿಟ್ಟಿದ್ದಾಳೆ. ಕಡ್ಡಿಯ ನಡುಕವೂ ನಿಂತಿತ್ತು. ತಪ್ಪಿದರೆ ಹಿಡಿದುಕೊಳ್ಳಲು ಇಷ್ಟು ಜನ ಇದ್ದಾರೆ ಅಂತ ಖಾತ್ರಿಯಾದ ಮೇಲೆ ನಡುಗುವುದೇಕೆ?

ಭಾಷಣ ಚಿಕ್ಕದಾಗಿತ್ತು. ಬಾಗಿಲು ಹಾಕಿದ ತಾಯಿಯ ಬಗ್ಗೆ ಹೇಳಿದಳು. ಮುಚ್ಚಿದ ಬಾಗಿಲ ಹಿಂದೆ, ಆಲೂಗಡ್ಡೆ ಹೆಚ್ಚುತ್ತಾ, ಅದೇ ತಾಯಿ ಮೇಷ್ಟ್ರ ರಾಗವನ್ನು ಪದಗಳಿಲ್ಲದೆ ಗುನುಗುತ್ತಿದ್ದಳು ಅಂದಳು. "ಯಾಕೆ ಹಾಕಿದಳು, ಯಾಕೆ ಗುನುಗಿದಳು, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಆ ಐವರು ಕೇಳಿದರು, ಅದು ಅವರ ದೊಡ್ಡತನ," ಅಂದು ಕೂತಳು. ಮಕ್ಕಳು ಪದ್ಧತಿಯಂತೆ ಮೆತ್ತನೆಯ ಮಿಠಾಯಿಗಳನ್ನು ಅವಳ ಮೇಲೆ ಎಸೆದರು. ಒಂದು ನನ್ನ ಕನ್ನಡಕಕ್ಕೆ ತಗುಲಿತು.

ಊಟದ ಹೊತ್ತಿಗೆ ಅಲನ್ ತಟ್ಟೆ ಹಿಡಿದುಕೊಂಡು ನಮ್ಮ ಮೇಜಿನ ಹತ್ತಿರ ಬಂದ. ತಂಗಿಯನ್ನು ನೋಡದೆ ತಾಲ್ಯಾಳನ್ನು ಕೇಳಿದ.

"ಆ ಕ್ಲಾಸಿಗೆ ನನ್ನಂಥವರನ್ನೂ ಸೇರಿಸಿಕೊಳ್ಳುತ್ತೀರಾ? ಹದಿಮೂರಕ್ಕೆ ಓದಿದ್ದೆ. ಇವತ್ತು ಒಂದು ಪದವೂ ಗುರುತು ಸಿಗಲಿಲ್ಲ."

"ಸೇರಿಸಿಕೊಳ್ತೀವಿ. ದೂರದವರು ಝೂಮ್‌ನಲ್ಲಿ ಬರ್ತಾರೆ. ಜೋಡಿ ಮಾತ್ರ ಬೇಕು."

ಅಲನ್ ಈಗ ತಂಗಿಯ ಕಡೆ ತಿರುಗಿದ. ಫಿಲ್ಲಿಸ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ನನ್ನ ಜೋಡಿಯ ಜಾಗ ಖಾಲಿಯಿಲ್ಲ, ಅಲನ್. ಲೀಲಾ ಇದ್ದಾಳೆ. ನೀನು ಬೇರೆ ಯಾರನ್ನಾದರೂ ಹುಡುಕಿಕೋ."

ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಮನುಷ್ಯನ ಮುಖ ನೋಡಿದೆ. ಕೇಳದೆ ಸಿಕ್ಕಿದ್ದಕ್ಕೇ ಅದನ್ನು ಕಳೆದುಕೊಂಡವನು, ಬದುಕಿನಲ್ಲಿ ಮೊದಲ ಸಲ ಬಾಗಿಲ ಹೊರಗೆ ನಿಂತಿದ್ದ.

"ಫಿಲ್ಲಿಸ್, ನಾನಿದನ್ನ ಒಪ್ಪಲ್ಲ," ಅಂದೆ.

ಅವಳು ಚಾಕುವನ್ನು ಕೆಳಗಿಟ್ಟಳು. "ಒಪ್ಪಲ್ವಾ? ಯಾಕೆ ಒಪ್ಪಲ್ಲ? ಅವನ ಪರವೂ ವಕಾಲತ್ತಾ?"

"ಹೌದು."

"ಅವನಿಗೆ ಮೇಜೂ ಇತ್ತು, ಮೇಷ್ಟ್ರೂ ಇದ್ದರು!"

"ಜೋಡಿ ಇರಲಿಲ್ಲ. ಒಬ್ಬನೇ ಕೂತು ಆಕಳಿಸುತ್ತಿದ್ದ ಅಂತ ನೀನೇ ಹೇಳಿದೆ. ಬಾಗಿಲು ಹಾಕಿದ್ದು ನಿನಗೊಬ್ಬಳಿಗಾ?"

"ಅದು ಅದೇ ಅಲ್ಲ!"

"ಹೇಗೆ ಅಲ್ಲ, ಹೇಳು!"

ಫಿಲ್ಲಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡು ಮೊಣಕೈಯನ್ನೂ ಮೇಜಿನ ಮೇಲೂರಿ, ನನ್ನೆದುರು ಬಾಗಿ ಕೂತಳು. ಸೂಪು ಆರುತ್ತಿತ್ತು. ನಾವಿಬ್ಬರೂ ಅಲನ್‌ನನ್ನು ಮರೆತೇಬಿಟ್ಟಿದ್ದೆವು. ಅವನು ತಟ್ಟೆ ಹಿಡಿದು ಸ್ವಲ್ಪ ಹೊತ್ತು ಅವಳ ಮುಖ, ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾ ನಿಂತಿದ್ದ. ಆಮೇಲೆ, ಯಾರೂ ಕರೆಯದೆಯೇ, ಒಂದು ಕುರ್ಚಿ ಎಳೆದುಕೊಂಡು ನಮ್ಮ ಮಧ್ಯೆ ಕೂತು, "ಇಲ್ಲ, ನೀವಿಬ್ಬರೂ ಹೇಳ್ತಿರೋದು ತಪ್ಪು" ಅಂದ.